ಧನುರ್ಮಾಸದಲ್ಲಿ ಬನಶಂಕರಿ ದರ್ಶನ: ಯಾವ ಹೊತ್ತಿಗೆ, ಏನು ಕೊಂಡು, ಹೇಗೆ

ಡಿಸೆಂಬರ್ ಎರಡನೇ ವಾರ ಕಳೆಯುತ್ತಿದ್ದಂತೆ ನಮ್ಮ ಬಂಧುಬಳಗದಲ್ಲಿ ಒಂದು ಪ್ರಶ್ನೆ ಮನೆಯಿಂದ ಮನೆಗೆ ಓಡಾಡತೊಡಗುತ್ತದೆ: "ಬನಶಂಕರಿಗೆ ಯಾವತ್ತು ಹೋಗೋಣ?" ಕೇಳುವವರಲ್ಲಿ ಈ ವರ್ಷವೇ ಮನೆಗೆ ಬಂದ ಸೊಸೆಯರಿದ್ದಾರೆ, ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಬಾಡಿಗೆ ಕೋಣೆಯಲ್ಲಿರುವ ಹುಡುಗರಿದ್ದಾರೆ, ಮಂಡಿನೋವಿನ ಅತ್ತೆಯನ್ನು ಕರೆದೊಯ್ಯಬೇಕಾದವರಿದ್ದಾರೆ. ಎಲ್ಲರಿಗೂ ನಾನು ತಿರುಗಿ ಕೇಳುವುದು ಒಂದೇ: ಯಾವ ಹೊತ್ತಿಗೆ ಹೋಗುತ್ತೀರಿ? ಹೊತ್ತು ನಿಶ್ಚಯವಾದರೆ ಉಟ್ಟುಕೊಳ್ಳುವ ಸೀರೆಯಿಂದ ಹಿಡಿದು ಚೀಲದಲ್ಲಿ ಇಟ್ಟುಕೊಳ್ಳುವ ಬಾಳೆಹಣ್ಣಿನವರೆಗೆ ಉಳಿದುದೆಲ್ಲ ಅದರ ಹಿಂದೆ ಬರುತ್ತದೆ. ಹೊತ್ತು ತಪ್ಪಿದರೆ ಎರಡು ಗಂಟೆ ಸರದಿಯಲ್ಲಿ ನಿಂತು, ಅರ್ಧ ನಿಮಿಷವೂ ಅಮ್ಮನ ಮುಖ ಕಾಣದೆ ಹೊರಗೆ ಬರುತ್ತೀರಿ.

ಬೆಂಗಳೂರಿನ ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನಕ್ಕೆ ನಾನು ಮೊದಲು ಹೋದದ್ದು ನನ್ನ ಅಮ್ಮನ ಸೆರಗು ಹಿಡಿದು. ಈಗ ಅಮ್ಮ ನನ್ನ ತೋಳು ಹಿಡಿದು ಬರುತ್ತಾರೆ. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದನ್ನು ಅವರಿಂದ ಕಲಿತೆ, ಕೆಲವನ್ನು ಎಡವಿ ಕಲಿತೆ.

ಮೊದಲು ತಿಂಗಳ ಲೆಕ್ಕ

ಸೂರ್ಯ ಧನು ರಾಶಿಯಲ್ಲಿರುವ ತಿಂಗಳು ಧನುರ್ಮಾಸ. ಡಿಸೆಂಬರ್ 16ರ ಆಸುಪಾಸಿಗೆ ಆರಂಭವಾಗಿ ಮಕರ ಸಂಕ್ರಾಂತಿಗೆ ಮುಗಿಯುತ್ತದೆ. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ರಾತ್ರಿ ಎಂಬುದು ಹಿರಿಯರ ಎಣಿಕೆ. ಹನ್ನೆರಡು ಗಂಟೆಯ ಆ ರಾತ್ರಿಯನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಗಂಟೆ. ಕೊನೆಯ ತಿಂಗಳಾದ ಧನುರ್ಮಾಸದ ಪಾಲಿಗೆ ಬರುವುದು ಬೆಳಗಿನ 4ರಿಂದ 6ರ ತನಕದ ಹೊತ್ತು. ಇಡೀ ತಿಂಗಳೇ ದೇವತೆಗಳ ಬ್ರಾಹ್ಮೀ ಮುಹೂರ್ತ ಎಂದು ಕರೆಯುವುದು ಇದೇ ಕಾರಣಕ್ಕೆ. ಶೂನ್ಯಮಾಸವೆಂದು ಮದುವೆ, ಗೃಹಪ್ರವೇಶಗಳನ್ನು ಬದಿಗಿಟ್ಟು, ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಸಿ, ಹುಗ್ಗಿಯ ನೈವೇದ್ಯ ಮಾಡುವ ಪದ್ಧತಿ ಬೆಂಗಳೂರಿನ ಹಲವಾರು ದೇವಸ್ಥಾನಗಳಲ್ಲಿ, ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆದುಕೊಂಡು ಬಂದಿದೆ.

ಬನಶಂಕರಿಯ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಸೇರಿಕೊಳ್ಳುತ್ತದೆ. ಅವಳ ಹಬ್ಬ ಚಾಂದ್ರಮಾನದ ಪುಷ್ಯ ಮಾಸದ್ದು: ಶುಕ್ಲ ಪಕ್ಷದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ. ಆ ಹುಣ್ಣಿಮೆಯನ್ನು ನಾವು ಬನದ ಹುಣ್ಣಿಮೆ ಎನ್ನುತ್ತೇವೆ. ಧನುರ್ಮಾಸ ಸೌರಮಾನದ್ದಾದುದರಿಂದ ಅದರ ತಾರೀಕು ಹೆಚ್ಚು ಕದಲುವುದಿಲ್ಲ. ಬನದ ಹುಣ್ಣಿಮೆ ಚಂದ್ರನ ಹಿಂದೆ ಹೋಗುತ್ತದೆ. 2025ರಲ್ಲಿ ಅದು ಜನವರಿ 13ಕ್ಕೆ, ಸಂಕ್ರಾಂತಿಯ ಹಿಂದಿನ ದಿನವೇ ಬಂದಿತ್ತು. 2026ರಲ್ಲಿ ಜನವರಿ 3. 2027ರಲ್ಲಿ ಜನವರಿ 22, ಅಂದರೆ ಧನುರ್ಮಾಸ ಮುಗಿದು ಒಂದು ವಾರವಾದ ಮೇಲೆ. "ಕಳೆದ ವರ್ಷ ಹೊಸ ವರ್ಷದ ಹೊತ್ತಿಗೇ ಜಾತ್ರೆ ಇತ್ತಲ್ಲ" ಎಂಬ ನೆನಪಿನ ಮೇಲೆ ರಜೆ ಹಾಕಿ ಮೋಸಹೋದವರು ನನ್ನ ಪರಿಚಯದಲ್ಲೇ ಇದ್ದಾರೆ. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿ ಪುಷ್ಯ ಶುದ್ಧ ಪೂರ್ಣಿಮೆಗೆ ಒಂದು ಗುರುತು ಹಾಕಿಕೊಳ್ಳಿ.

ಹುಣ್ಣಿಮೆಗೂ ತರಕಾರಿಗೂ ಇರುವ ನಂಟು ತಿಳಿದರೆ ದರ್ಶನದ ರುಚಿ ಬೇರೆಯಾಗುತ್ತದೆ. ದೇವೀ ಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ದೇವಿಯೇ ಮಾತು ಕೊಡುತ್ತಾಳೆ: ನೂರು ವರ್ಷ ಮಳೆಯಿಲ್ಲದೆ ಭೂಮಿ ಬತ್ತಿದಾಗ ನಾನು ಬಂದು, ನೂರು ಕಣ್ಣುಗಳಿಂದ ಋಷಿಗಳನ್ನು ನೋಡುತ್ತೇನೆ, ಮಳೆ ಬರುವ ತನಕ ನನ್ನ ಮೈಯಿಂದಲೇ ಹುಟ್ಟಿದ ಶಾಕಗಳಿಂದ ಲೋಕವನ್ನು ಸಲಹುತ್ತೇನೆ ಎಂದು. ಶಾಕಂಭರಿ ಎಂಬ ಹೆಸರು ಬಂದದ್ದು ಹಾಗೆ. ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿ ಆ ಶಾಕಂಭರಿಯೇ ಎಂಬುದು ಭಕ್ತರ ನಂಬಿಕೆ. ಅಲ್ಲಿ ಹುಣ್ಣಿಮೆಯ ಹಿಂದಿನ ದಿನ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಅದಕ್ಕೆ ಪಲ್ಲೇದ ಹಬ್ಬ ಎಂದೇ ಹೆಸರು. ನಮ್ಮ ಕನಕಪುರ ರಸ್ತೆಯ ದೇವಸ್ಥಾನ 1915ರದು. ಬಾದಾಮಿಯ ಅಮ್ಮನನ್ನು ನೆನೆದು ಇಲ್ಲಿ ನೆಲೆಗೊಳಿಸಿದ್ದು. ದೇವಸ್ಥಾನದ ಹೆಸರೇ ಆಮೇಲೆ ಸುತ್ತಲಿನ ಬಡಾವಣೆಗೂ ಮೆಟ್ರೊ ನಿಲ್ದಾಣಕ್ಕೂ ಹಬ್ಬಿತು.

ದಿನ, ಅದರೊಳಗೆ ಹೊತ್ತು

ಈ ದೇವಸ್ಥಾನದ ವಿಶೇಷ ರಾಹುಕಾಲದ ಪೂಜೆ. ಬೇರೆಡೆ ಜನ ಶುಭಕಾರ್ಯಕ್ಕೆ ಬಿಟ್ಟುಬಿಡುವ ಹೊತ್ತಿನಲ್ಲೇ ಇಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ರಾಹುವಿನ ಕಾಟಕ್ಕೆ ದುರ್ಗೆಯ ಸೇವೆಯೇ ಮದ್ದು ಎಂಬ ನಂಬಿಕೆ ಅದರ ಬುಡದಲ್ಲಿದೆ. ಮಂಗಳವಾರ, ಶುಕ್ರವಾರ, ಭಾನುವಾರ ಇದಕ್ಕೆ ಮುಖ್ಯ. ಎಲ್ಲರ ಬಾಯಲ್ಲಿರುವ ಕೋಷ್ಟಕದ ಪ್ರಕಾರ ಮಂಗಳವಾರ ಮಧ್ಯಾಹ್ನ 3ರಿಂದ 4.30, ಶುಕ್ರವಾರ ಬೆಳಿಗ್ಗೆ 10.30ರಿಂದ 12, ಭಾನುವಾರ ಸಂಜೆ 4.30ರಿಂದ 6.

ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ಕೋಷ್ಟಕ ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಎಂದು ಇಟ್ಟುಕೊಂಡದ್ದು. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ, ಮುಳುಗುವುದು 6 ದಾಟಿದ ಕೂಡಲೆ. ರಾಹುಕಾಲವೆಂದರೆ ಹಗಲಿನ ಎಂಟು ಪಾಲಿನಲ್ಲಿ ಒಂದು ಪಾಲು. ಆ ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಡಿಮೆ 85 ನಿಮಿಷ. ಹಾಗಾಗಿ ಪಂಚಾಂಗದ ಲೆಕ್ಕದಲ್ಲಿ ಶುಕ್ರವಾರದ ರಾಹುಕಾಲ 10.55ರ ಸುಮಾರಿಗೆ ಹಿಡಿಯುತ್ತದೆ, ಮಂಗಳವಾರದ್ದು 3.10 ದಾಟಿದ ಮೇಲೆ. ಬಹುಪಾಲು ಜನ ಹಳೆಯ ಕೋಷ್ಟಕವನ್ನೇ ನಂಬಿ ಮೊದಲ ಅರ್ಧ ಗಂಟೆಯಲ್ಲೇ ಒತ್ತಿಕೊಂಡು ಬರುತ್ತಾರೆ. ಎರಡೂ ಲೆಕ್ಕಗಳಿಗೆ ಸೇರುವ ಹೊತ್ತು ಹಿಡಿದರೆ, ಉದಾಹರಣೆಗೆ ಶುಕ್ರವಾರ 11.15ಕ್ಕೆ, ಮಂಗಳವಾರ 3.30ಕ್ಕೆ ದೀಪ ಹಚ್ಚಿದರೆ, ಮನಸ್ಸಿಗೂ ಸಮಾಧಾನ, ಮೊದಲ ನೂಕುನುಗ್ಗಲೂ ಕಳೆದಿರುತ್ತದೆ.

ಧನುರ್ಮಾಸದ ಬೆಳಗಿನ ಪೂಜೆ ಮತ್ತು ರಾಹುಕಾಲದ ದೀಪ, ಎರಡನ್ನೂ ಒಂದೇ ದಿನ ಮಾಡಿ ಮುಗಿಸುತ್ತೇನೆ ಎಂದು ಹೊರಡಬೇಡಿ. ನಡುವೆ ನಾಲ್ಕೈದು ಗಂಟೆ ಎಲ್ಲಿ ಕಳೆಯುವುದು ಎಂದು ತೋಚದೆ, ದಣಿದು, ಕೊನೆಗೆ ಎರಡರಲ್ಲೂ ಮನಸ್ಸು ನಿಲ್ಲುವುದಿಲ್ಲ. ಹರಕೆ ಇದ್ದವರು ರಾಹುಕಾಲಕ್ಕೆ ಹೋಗಲಿ. ಹರಕೆಯಿಲ್ಲದೆ ಸುಮ್ಮನೆ ಅಮ್ಮನನ್ನು ನೋಡಿ ಬರಬೇಕು ಎನ್ನುವವರಿಗೆ ನಾನು ಹೇಳುವುದು ಸೋಮವಾರ, ಬುಧವಾರ ಅಥವಾ ಗುರುವಾರದ ಬೆಳಗಿನ ಜಾವ. ಈ ತಿಂಗಳು ಪೂಜೆಯ ವೇಳೆ ಬೇಗ ಇರುವುದರಿಂದ, ಯಾವಾಗ ಬಾಗಿಲು ತೆರೆಯುತ್ತಾರೆ, ಮಂಗಳಾರತಿ ಎಷ್ಟಕ್ಕೆ ಎಂಬುದನ್ನು ಒಂದೆರಡು ದಿನ ಮೊದಲು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಬಿಡಬೇಕಾದ ದಿನಗಳೂ ಇವೆ. ಜನವರಿ 1ರಂದು ನಗರದ ಯಾವ ದೇವಸ್ಥಾನವೂ ಬಿಡುವಾಗಿರುವುದಿಲ್ಲ. ಹುಣ್ಣಿಮೆಯ ದಿನ ಜಾತ್ರೆಯ ಜನ. 2027ರಲ್ಲಿ ಅದು ಶುಕ್ರವಾರವೇ ಬರುವುದರಿಂದ ರಾಹುಕಾಲದವರೂ ಸೇರುತ್ತಾರೆ. ಶಾಕಂಭರಿಯ ಅಲಂಕಾರ ನೋಡಲೇಬೇಕು, ಆದರೆ ಚಿಕ್ಕ ಮಗುವಿದೆ ಎನ್ನುವವರು ಅಷ್ಟಮಿಯ ನಂತರದ ಯಾವುದಾದರೂ ವಾರದ ದಿನ ಹೋಗಲಿ.

ಹಿಂದಿನ ಸಂಜೆಯ ಕೆಲಸ

ಹೂವು, ಹಣ್ಣುಕಾಯಿ ದೇವಸ್ಥಾನದ ಮುಂದೆಯೇ ಸಿಗುತ್ತವೆ. ಆದರೂ ನಾನು ಹಿಂದಿನ ಸಂಜೆ ಗಾಂಧಿ ಬಜಾರಿಗೆ ಹೋಗುತ್ತೇನೆ. ಚಳಿಗಾಲದಲ್ಲಿ ಮಲ್ಲಿಗೆ, ಕನಕಾಂಬರ ಕಡಿಮೆ, ಬೆಲೆ ಹೆಚ್ಚು. ಸೇವಂತಿಗೆ ಧಾರಾಳ. ಎರಡು ಮಾರು ಸೇವಂತಿಗೆ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅಂಗಳದಲ್ಲೋ ಕಿಟಕಿಯ ಬಳಿಯೋ ಇಟ್ಟರೆ ಬೆಳಗಿನ ಹೊತ್ತಿಗೆ ಈಗ ಕಿತ್ತ ಹಾಗೆ ಇರುತ್ತದೆ. ಈ ತಿಂಗಳ ಚಳಿಗೆ ಫ್ರಿಜ್ಜಿನ ಅಗತ್ಯವಿಲ್ಲ.

ಮಡಿಲು ತುಂಬುವ ಹರಕೆ ಇದ್ದರೆ ಮಡಿಲಕ್ಕಿಯನ್ನು ಮನೆಯಲ್ಲೇ ಕಟ್ಟಿಕೊಳ್ಳಿ: ಅಕ್ಕಿ, ತೆಂಗಿನಕಾಯಿ, ಅಚ್ಚು ಬೆಲ್ಲ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅರಿಸಿನ ಕುಂಕುಮ, ಬಳೆ, ರವಿಕೆ ಬಟ್ಟೆ. ಉತ್ತರ ಕರ್ನಾಟಕದವರು ಇದನ್ನೇ ಉಡಿ ತುಂಬುವುದು ಎನ್ನುತ್ತಾರೆ. ಅಂಗಡಿಯಲ್ಲಿ ಕಟ್ಟಿಟ್ಟು ಮಾರುವ ಪೊಟ್ಟಣಗಳಲ್ಲಿ ರವಿಕೆ ಬಟ್ಟೆ ಸಾಮಾನ್ಯವಾಗಿ ಅಗ್ಗದ್ದು, ಯಾರೂ ಹೊಲಿಸಿಕೊಳ್ಳಲಾಗದಂಥದ್ದು. ನಮ್ಮ ಅಮ್ಮನಿಗೆ ಅದು ಸಹಿಸದು. "ನೀನು ಉಡದ್ದನ್ನು ಅವಳಿಗೆ ಕೊಡಬೇಡ" ಎನ್ನುತ್ತಾರೆ. ಒಳ್ಳೆಯ ಹತ್ತಿಯ ಕಣವೊಂದನ್ನು ಕೊಟ್ಟರೆ ಅದು ಮುಂದೆ ಯಾರದೋ ಮೈಮೇಲೆ ಬರುತ್ತದೆ.

ತರಕಾರಿ ಅರ್ಪಿಸುವ ಆಸೆ ಇದ್ದರೆ ಬನದ ಅಷ್ಟಮಿಯಿಂದ ಹುಣ್ಣಿಮೆಯೊಳಗೆ ಕೊಡಿ. ಅಲಂಕಾರಕ್ಕೆ ಬೇಕಾಗುವುದು ಗಟ್ಟಿಯಾದ, ಬಣ್ಣವಿರುವ, ಬೇಗ ಬಾಡದ ತರಕಾರಿ: ಬದನೆ, ಮೂಲಂಗಿ, ಕ್ಯಾರೆಟ್, ಸೌತೆ, ಹಾಗಲ, ಬೀನ್ಸ್. ಸೊಪ್ಪು ಒಯ್ದರೆ ಅಲಂಕಾರ ಮುಗಿಯುವ ಮೊದಲೇ ಜೋತುಬೀಳುತ್ತದೆ. ಒಯ್ಯುವ ಮುನ್ನ ಕಚೇರಿಯಲ್ಲಿ ಕೇಳಿ. ಅಲಂಕಾರ ಹಿಂದಿನ ರಾತ್ರಿಯೇ ಶುರುವಾಗುವುದರಿಂದ ಬೆಳಿಗ್ಗೆ ಒಯ್ದದ್ದು ಅಡುಗೆಗೆ ಹೋಗಬಹುದು, ದೇವಿಯ ಕೊರಳಿಗೆ ಹೋಗಲಾರದು. ದೇವಸ್ಥಾನದ ಹತ್ತಿರದಲ್ಲೇ ಸಾರಕ್ಕಿ ಮಾರುಕಟ್ಟೆ ಇದೆ. ಹೊರೆ ಹೊತ್ತು ಮನೆಯಿಂದ ಬರಬೇಕಿಲ್ಲ.

ನಿಂಬೆಹಣ್ಣಿನ ದೀಪ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ.

ಹಣ್ಣು ಆರಿಸುವಾಗ ತೆಳು ಸಿಪ್ಪೆಯ, ಚೆನ್ನಾಗಿ ಹಳದಿಗೆ ತಿರುಗಿದ, ಒತ್ತಿದರೆ ಮೆದುವಾಗಿರುವ ಹಣ್ಣು ನೋಡಿ. ಹಸಿರು ನಿಂಬೆಯ ಸಿಪ್ಪೆ ಮಗುಚುವಾಗ ಸೀಳುತ್ತದೆ. ಎಷ್ಟು ದೀಪ ಎಂಬುದು ನಿಮ್ಮ ಮನೆಯ ಪದ್ಧತಿ, ನಿಮ್ಮ ಹರಕೆ. ಎಷ್ಟೇ ಇರಲಿ, ಒಂದೆರಡು ಹಣ್ಣು ಹೆಚ್ಚಿಗೆ ಇಟ್ಟುಕೊಳ್ಳಿ.

ಹಣ್ಣನ್ನು ಅಂಗೈಯಡಿ ಒತ್ತಿ ನೆಲದ ಮೇಲೆ ಉರುಳಿಸಿ, ಒಳಗಿನ ತೊಳೆ ಸಡಿಲವಾಗಲಿ. ಆಮೇಲೆ ತೊಟ್ಟು ಒಂದು ಹೋಳಿಗೆ, ತುದಿ ಇನ್ನೊಂದು ಹೋಳಿಗೆ ಬರುವಂತೆ ನಡುವಿಗೆ ಅಡ್ಡ ಕೊಯ್ಯಿರಿ. ಉದ್ದಕ್ಕೆ ಸೀಳಿದರೆ ಬಟ್ಟಲಾಗುವುದಿಲ್ಲ. ರಸ ಪೂರ್ತಿ ಹಿಂಡಿ, ಬೀಜ ಮತ್ತು ಎಳೆಗಳನ್ನು ಬೆರಳಿನಿಂದ ಕೆದಕಿ ತೆಗೆಯಿರಿ. ಈಗ ಹೋಳಿನ ಬೆನ್ನಿಗೆ ಎರಡೂ ಹೆಬ್ಬೆರಳು ಕೊಟ್ಟು ನಿಧಾನವಾಗಿ ಒಳಕ್ಕೆ ಒತ್ತುತ್ತ, ಅಂಚನ್ನು ಹೊರಕ್ಕೆ ತಿರುಗಿಸಿ. ಹಳದಿ ಮೈ ಒಳಗಾಗಿ, ಬಿಳಿ ಮೈ ಹೊರಗಾಗಿ, ಪುಟ್ಟ ಬಟ್ಟಲು ಸಿದ್ಧ. ಒಳಭಾಗವನ್ನು ಒಣ ಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ರಸದ ಹನಿ ಉಳಿದರೆ ತುಪ್ಪ ಚಟಪಟ ಸಿಡಿದು ಕೈಗೆ ಹಾರುತ್ತದೆ.

ಬಟ್ಟಲಿನ ನಡುವೆ ಹೂಬತ್ತಿ ನಿಲ್ಲಿಸಿ, ಕರಗಿಸಿದ ತುಪ್ಪವನ್ನು ಮುಕ್ಕಾಲು ಭಾಗ ತುಂಬಿಸಿ. ಇಲ್ಲಿ ಚಳಿಗಾಲ ನಮಗೆ ಉಪಕಾರ ಮಾಡುತ್ತದೆ. ರಾತ್ರಿಯ ಉಷ್ಣಾಂಶ 15, 16 ಡಿಗ್ರಿಗೆ ಇಳಿಯುವ ಈ ದಿನಗಳಲ್ಲಿ ತುಪ್ಪ ತಾನೇ ಹೆಪ್ಪುಗಟ್ಟುತ್ತದೆ. ದೀಪಗಳನ್ನು ಹಿಂದಿನ ರಾತ್ರಿಯೇ ತುಂಬಿ, ಒಂದು ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿಟ್ಟರೆ ಬೆಳಿಗ್ಗೆ ಮೆಟ್ರೊದಲ್ಲಿ ಒಂದು ಹನಿಯೂ ಚೆಲ್ಲುವುದಿಲ್ಲ. ಬೇಸಿಗೆಯ ಹರಕೆಯವರಿಗೆ ಈ ಅನುಕೂಲವಿಲ್ಲ. ಅಂಚಿಗೆ ಅರಿಸಿನ, ಕುಂಕುಮದ ಬೊಟ್ಟನ್ನು ಅಲ್ಲಿ ಹೋದ ಮೇಲೆ ಇಡಿ. ಹಿಂಡಿದ ರಸವನ್ನು ಚೆಲ್ಲದೆ, ಚಿಟಿಕೆ ಉಪ್ಪು ಹಾಕಿ ಗಾಜಿನ ಸೀಸೆಯಲ್ಲಿ ಇಟ್ಟುಕೊಳ್ಳಿ. ಮರುದಿನದ ಚಿತ್ರಾನ್ನಕ್ಕೆ ಆಗುತ್ತದೆ.

ನಿಂಬೆಯ ದೀಪವನ್ನು ಮನೆಯ ದೇವರ ಮುಂದೆ ಹಚ್ಚಬಾರದು, ಅದು ದೇವಿಯ ಗುಡಿಗೇ ಸೇರಿದ್ದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವು ಪಾಲಿಸಿಕೊಂಡು ಬಂದಿದ್ದೇವೆ.

ಹಚ್ಚುವಾಗಿನ ಎಚ್ಚರವನ್ನು ನಾನು ಕೈ ಮುಗಿದು ಹೇಳುತ್ತೇನೆ. ದೀಪಕ್ಕೆಂದು ಬಿಟ್ಟ ಜಾಗದಲ್ಲಿ ಮಾತ್ರ ಇಡಿ. ಉರಿಯುತ್ತಿರುವ ಸಾಲಿನ ಮೇಲಿಂದ ಕೈ ಚಾಚಿ ಹಿಂದೆ ಇಡಲು ಹೋಗಬೇಡಿ. ನಿಮಗೆ ಹತ್ತಿರದ ತುದಿಯಲ್ಲಿ ಜಾಗ ಸಿಗುವ ತನಕ ಕಾಯಿರಿ. ಒಂದು ವರ್ಷ ನಾನು ಆತುರಕ್ಕೆ ಬಿದ್ದು ಹಾಗೆ ಬಾಗಿದೆ, ನೈಲಾನ್ ಸೆರಗಿನ ಅಂಚು ಸರ್ರನೆ ಸುರುಟಿಕೊಂಡಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬರಿಗೈಯಿಂದ ಒತ್ತಿ ಆರಿಸಿದರು. ಅವರ ಅಂಗೈ ಕೆಂಪಾದದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಈ ದೇವಸ್ಥಾನಕ್ಕೆ ಹತ್ತಿಯ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂದಲು ಗಂಟು ಕಟ್ಟಿ ಹೋಗುತ್ತೇನೆ. ದುಪಟ್ಟಾ ಹಾಕುವ ಹುಡುಗಿಯರು ಅದನ್ನು ಎರಡೂ ಭುಜದಿಂದ ತಂದು ನಡುವಿಗೆ ಗಂಟು ಹಾಕಿಕೊಳ್ಳಿ. ಚಳಿಯೆಂದು ಹೊದ್ದ ಶಾಲನ್ನು ದೀಪದ ಬಳಿಗೆ ಬರುವ ಮೊದಲೇ ತೆಗೆದು ಚೀಲಕ್ಕೆ ಹಾಕಿ. ಮಕ್ಕಳನ್ನು ಒಬ್ಬರು ದೂರದಲ್ಲಿ ಹಿಡಿದುಕೊಂಡಿರಲಿ, ಇನ್ನೊಬ್ಬರು ಹಚ್ಚಲಿ, ಆಮೇಲೆ ಅದಲುಬದಲಾಗಲಿ.

ದಾರಿ

ಹಸಿರು ಮಾರ್ಗದ ಬನಶಂಕರಿ ಮೆಟ್ರೊ ನಿಲ್ದಾಣದಿಂದ ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ. ನೇರಳೆ ಮಾರ್ಗದವರು ಮೆಜೆಸ್ಟಿಕ್‌ನಲ್ಲಿ, ಹಳದಿ ಮಾರ್ಗದವರು ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣದಲ್ಲಿ ಬದಲಿಸಬೇಕು. ಅಲ್ಲಿಂದ ಬನಶಂಕರಿ ಮುಂದಿನದೇ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುವುದರಿಂದ ಬೆಳಗಿನ ಪೂಜೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ಬನಶಂಕರಿ ಬಸ್ ನಿಲ್ದಾಣಕ್ಕೆ ನಗರದ ಎಲ್ಲ ಕಡೆಯಿಂದ ಬಿಎಂಟಿಸಿ ಬಸ್ಸುಗಳಿವೆ. ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಚೀಲದಲ್ಲಿರಲಿ. ಕಾರು ಮನೆಯಲ್ಲೇ ಇರಲಿ. ಕನಕಪುರ ರಸ್ತೆಯ ಆ ಭಾಗದಲ್ಲಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತದೆ.

ಒಳಗೆ ಹೋದ ಮೇಲೆ

ಚಪ್ಪಲಿಯನ್ನು ಕಾಯುವವರ ಬಳಿ ಬಿಟ್ಟು ಚೀಟಿ ತೆಗೆದುಕೊಳ್ಳಿ. ಬೆಳಗಿನ ಜಾವದ ಕಲ್ಲು ಅಂಗಾಲನ್ನು ಕೊರೆಯುತ್ತದೆ. ಕೈಕಾಲು ತೊಳೆದ ಮೇಲೆ ಒರೆಸಿಕೊಳ್ಳಲು ಸಣ್ಣ ಬಟ್ಟೆಯೊಂದು ಇದ್ದರೆ ಹಿರಿಯರಿಗೆ ಬಹಳ ಅನುಕೂಲ, ಒದ್ದೆ ಕಾಲಲ್ಲಿ ಜಾರುವ ಭಯವೂ ಇಲ್ಲ.

ಕುಂಕುಮಾರ್ಚನೆ, ಅಭಿಷೇಕ ಮುಂತಾದ ಸೇವೆ ಮಾಡಿಸುವುದಾದರೆ ದರದ ಫಲಕ ನೋಡಿ, ಕೌಂಟರಿನಲ್ಲಿ ಹಣ ಕಟ್ಟಿ ರಶೀದಿ ಪಡೆಯಿರಿ. ಚಿಲ್ಲರೆ ತೆಗೆದುಕೊಂಡು ಹೋಗಿ. ರಶೀದಿಯಿಲ್ಲದೆ "ಬೇಗ ಮಾಡಿಸುತ್ತೇನೆ" ಎಂದು ಮುಂದೆ ಬರುವ ಅಪರಿಚಿತರ ಕೈಗೆ ಎಲ್ಲಿಯೂ ಹಣ ಕೊಡಬೇಡಿ. ಸಂಕಲ್ಪಕ್ಕೆ ಮನೆಯವರ ಹೆಸರು, ನಕ್ಷತ್ರ, ಗೋತ್ರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಚಕರ ಮುಂದೆ ತಡವರಿಸಬೇಕಾಗಿಲ್ಲ. ಗೋತ್ರ ಗೊತ್ತಿಲ್ಲದವರು ಹಿಂಜರಿಯುವುದನ್ನು ನೋಡಿದ್ದೇನೆ. ಏನೂ ಸಂಕೋಚ ಬೇಡ, "ಸ್ವಾಮಿ, ಹೆಸರಿನಲ್ಲಿ ಮಾಡಿ" ಎನ್ನಿ. ಅಮ್ಮನ ಬಳಿ ಹೋಗಲು ಹೆಸರು ಸಾಕು.

ರಾಹುಕಾಲದವರು ಯಾವುದು ಮೊದಲು ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಮೊದಲು ದೀಪ, ಆಮೇಲೆ ಪ್ರದಕ್ಷಿಣೆ, ಕೊನೆಗೆ ದರ್ಶನ. ದೀಪದ ಮುಂದೆ ಕುಳಿತು ಲಲಿತಾ ಸಹಸ್ರನಾಮವನ್ನೋ ದುರ್ಗೆಯ ಸ್ತೋತ್ರವನ್ನೋ ಹೇಳುವವರಿದ್ದಾರೆ. ಪುಸ್ತಕ ಒಯ್ಯಿರಿ, ಮೊಬೈಲ್ ನೋಡಿಕೊಂಡು ಓದುವುದು ಆಗದ ಕೆಲಸವೇನಲ್ಲ, ಆದರೆ ನಡುವೆ ಕಚೇರಿಯ ಸಂದೇಶ ಬಂದರೆ ಕಣ್ಣು ಅತ್ತ ಹೋಗುತ್ತದೆ. ಗರ್ಭಗುಡಿಯ ಮುಂದಂತೂ ಮೊಬೈಲ್ ಹೊರಗೆ ತೆಗೆಯಲೇಬೇಡಿ.

ದರ್ಶನದ ಸಾಲು ಗರ್ಭಗುಡಿಗೆ ಹತ್ತಿರವಾದಾಗ ಜನ ಸಾಮಾನ್ಯವಾಗಿ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ತೆರೆದಾಗ ಮುಂದಕ್ಕೆ ಹೋಗಿ ಎಂಬ ಕೂಗು ಬಂದಿರುತ್ತದೆ. ಬೇಡಿಕೆಗಳನ್ನೆಲ್ಲ ಸರದಿಯಲ್ಲಿ ನಿಂತಾಗಲೇ ಹೇಳಿ ಮುಗಿಸಿಕೊಳ್ಳಿ. ಎದುರು ಬಂದಾಗ ಕಣ್ಣು ತೆರೆದು ನೋಡಿ, ಬರೀ ನೋಡಿ: ಅವಳ ಕಣ್ಣು, ಮೂಗುತಿ, ಆ ದಿನದ ಸೀರೆಯ ಬಣ್ಣ, ಕೊರಳಿನ ನಿಂಬೆಹಣ್ಣಿನ ಹಾರ. ಮನೆಗೆ ಹೋದ ಮೇಲೆ ಅಮ್ಮ ನನ್ನನ್ನು ಇಂದಿಗೂ ಕೇಳುತ್ತಾರೆ, "ಇವತ್ತು ಯಾವ ಸೀರೆ ಉಟ್ಟಿದ್ದಳು?" ಉತ್ತರ ಬರದಿದ್ದರೆ ನಾನು ಸರಿಯಾಗಿ ನೋಡಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ತೀರ್ಥವನ್ನು ಬಲಗೈ ಕುಳಿ ಮಾಡಿ, ಕೆಳಗೆ ಎಡಗೈ ಹಿಡಿದು ತೆಗೆದುಕೊಳ್ಳಿ. ತಟ್ಟೆಗೆ ಹಾಕುವುದು, ಹುಂಡಿಗೆ ಹಾಕುವುದು ನಿಮ್ಮ ಇಚ್ಛೆ.

ವಯಸ್ಸಾದವರು, ಸಕ್ಕರೆ ಕಾಯಿಲೆಯವರು

ಉಪವಾಸವಿದ್ದು ದರ್ಶನ ಮಾಡಬೇಕೆಂಬ ಹಠ ಹಿರಿಯರಿಗೆ ಇರುತ್ತದೆ. ಒಂದು ಬನದ ಹುಣ್ಣಿಮೆಯ ಸಂಜೆ ಅಮ್ಮನನ್ನು ಹಾಗೆಯೇ, ಬೆಳಗಿನಿಂದ ಒಂದು ಲೋಟ ಹಾಲಿನ ಮೇಲೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಸರದಿಯ ನಡುವೆ ಬೆವರು, ನಡುಕ, ಕಣ್ಣು ಮಂಜು. ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು ತನ್ನ ಹಣ್ಣುಕಾಯಿಯ ತಟ್ಟೆಯಿಂದಲೇ ಬೆಲ್ಲ ತೆಗೆದು ಅಮ್ಮನ ಬಾಯಿಗೆ ಹಾಕಿದಳು. ದೇವರಿಗೆ ಇನ್ನೂ ಅರ್ಪಿಸದ ಬೆಲ್ಲ ಅದು. ಆ ದಿನ ಗರ್ಭಗುಡಿಯ ತನಕ ಹೋಗದೆ ಮರಳಿದೆವು, ಆದರೂ ದರ್ಶನವಾಗಲಿಲ್ಲ ಎಂದು ಅಮ್ಮ ಒಂದು ಸಲವೂ ಹೇಳಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದ ಬಗ್ಗೆ ತಮ್ಮ ವೈದ್ಯರನ್ನು ಕೇಳದೆ ನಿರ್ಧಾರ ಮಾಡಬಾರದು. ಚೀಲದಲ್ಲಿ ಬೆಲ್ಲ ಅಥವಾ ಸಕ್ಕರೆ, ಎರಡು ಬಾಳೆಹಣ್ಣು, ಬಿಸಿನೀರಿನ ಸೀಸೆ ಇರಲೇಬೇಕು. ಉಬ್ಬಸ ಇರುವವರಿಗೆ ಬೆಳಗಿನ ಮಂಜೂ ದೀಪಗಳ ಹೊಗೆಯೂ ಒಟ್ಟಿಗೆ ಆಗುವುದಿಲ್ಲ. ಅವರನ್ನು ಬಿಸಿಲೇರಿದ ಮೇಲೆ, ರಾಹುಕಾಲವಿಲ್ಲದ ಹೊತ್ತಿನಲ್ಲಿ ಕರೆತನ್ನಿ. ಹಿರಿಯರ ಪರವಾಗಿ ಒಬ್ಬರು ಸಾಲಿನಲ್ಲಿ ನಿಂತು, ಹತ್ತಿರ ಬಂದಾಗ ಅವರನ್ನು ಕರೆಸಿಕೊಳ್ಳುವಾಗ ಹಿಂದಿನವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಜಗಳವಾಗುವುದಿಲ್ಲ. ಈ ಊರಿನ ಜನ ವಯಸ್ಸಾದವರಿಗೆ ದಾರಿ ಬಿಡುತ್ತಾರೆ, ಕೇಳಬೇಕಷ್ಟೆ.

ಹುಗ್ಗಿ

ಧನುರ್ಮಾಸದ ಪ್ರಸಾದ ಹುಗ್ಗಿ. ಬೆಳಗಿನ ಮಂಗಳಾರತಿಯ ನಂತರ ದೊನ್ನೆಯಲ್ಲಿ ಹಬೆಯಾಡುತ್ತ ಕೈಗೆ ಬರುವ ಆ ಹುಗ್ಗಿಯ ರುಚಿಯನ್ನು ಬೇರೆ ತಿಂಗಳಲ್ಲಿ ಮಾಡಿ ನೋಡಿದ್ದೇನೆ, ಬರುವುದಿಲ್ಲ. ಸಣ್ಣ ಸ್ಟೀಲ್ ಡಬ್ಬಿ ಮತ್ತು ಚಮಚ ಚೀಲದಲ್ಲಿರಲಿ. ಬರಲಾಗದೆ ಮನೆಯಲ್ಲೇ ಉಳಿದವರಿಗೆ ಒಂದಿಷ್ಟು ಒಯ್ಯಬಹುದು.

ಮನೆಯಲ್ಲೂ ಈ ತಿಂಗಳು ಒಂದು ದಿನವಾದರೂ ಸೂರ್ಯೋದಯಕ್ಕೆ ಮುಂಚೆ ಮಾಡಿ. ಹೆಸರುಬೇಳೆ ಮತ್ತು ಅಕ್ಕಿ ಸಮಸಮ. ಬೇಳೆಯನ್ನು ಘಮ ಬರುವಷ್ಟು ಹುರಿದು, ಎರಡನ್ನೂ ತೊಳೆದು, ನಾಲ್ಕೈದು ಪಾಲು ನೀರಿನಲ್ಲಿ ಮೆತ್ತಗೆ ಬೇಯಿಸಿ. ತುಪ್ಪದಲ್ಲಿ ಮೆಣಸು, ಜೀರಿಗೆ, ಶುಂಠಿ, ಗೋಡಂಬಿ, ಕರಿಬೇವಿನ ಒಗ್ಗರಣೆ ಕೊಟ್ಟು, ಉಪ್ಪು, ಹಸಿ ತೆಂಗಿನ ತುರಿ ಸೇರಿಸಿ. ಮೆಣಸನ್ನು ಅರ್ಧ ಕುಟ್ಟಿ, ಅರ್ಧ ಇಡಿಯಾಗಿ ಹಾಕಿ. ಜೊತೆಗೆ ಹುಣಸೆಹಣ್ಣಿನ ಗೊಜ್ಜು. ಅವರೆಕಾಯಿಯ ಕಾಲವಾದುದರಿಂದ ನಾವು ಒಂದು ಹಿಡಿ ಸೊಗಡಿನ ಅವರೆಕಾಳನ್ನೂ ಬೇಯಿಸಿ ಬೆರೆಸುತ್ತೇವೆ. ಸಿಹಿ ಹುಗ್ಗಿಗೆ ಬೆಲ್ಲ, ಏಲಕ್ಕಿ, ದ್ರಾಕ್ಷಿ.

ಬೇರೆ ಅಮ್ಮಂದಿರು

ಬನಶಂಕರಿ ದೂರವಾಯಿತು ಎನ್ನುವವರಿಗೆ ಮೆಜೆಸ್ಟಿಕ್ ಬಳಿ ಅಣ್ಣಮ್ಮ ದೇವಿ ಇದ್ದಾಳೆ, ಗವಿಪುರದ ಕಡೆ ಬಂಡಿ ಮಹಾಕಾಳಿ, ಮಲ್ಲೇಶ್ವರದಲ್ಲಿ ಗಂಗಮ್ಮ, ರಾಜರಾಜೇಶ್ವರಿ ನಗರದಲ್ಲಿ ರಾಜರಾಜೇಶ್ವರಿ. ಬಾದಾಮಿಗೇ ಹೋಗುವ ಆಸೆ ಇರುವವರಿಗೆ ಬೆಂಗಳೂರಿನಿಂದ ರಾತ್ರಿಯ ರೈಲೂ ಬಸ್ಸೂ ಇವೆ. ಜಾತ್ರೆಯ ದಿನಗಳಲ್ಲಿ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ. ತಿಂಗಳ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಮರಳುವ ಮುನ್ನ ಖಾಲಿ ಬೆಂಕಿಪೊಟ್ಟಣ, ಹೂವು ಕಟ್ಟಿದ ಕವರು, ಎಣ್ಣೆಯ ಸೀಸೆ ಏನನ್ನೂ ಅಲ್ಲಿ ಬಿಡಬೇಡಿ. ಅಮ್ಮನ ಗುಡಿಯ ಸುತ್ತ ಬೆಳಿಗ್ಗೆ ನಾಲ್ಕಕ್ಕೆ ಬಂದು ಕಸ ಗುಡಿಸುವ ಹೆಂಗಸರು ನಮಗಿಂತ ಮೊದಲು ಅವಳನ್ನು ಸೇವಿಸಿದವರು.

ಅರ್ಚಕರು ಕೊಟ್ಟ ನಿಂಬೆಹಣ್ಣನ್ನು ಮನೆಗೆ ಬಂದ ಕೂಡಲೆ ದೇವರ ಮನೆಯಲ್ಲಿಡಿ. ಕುಂಕುಮವನ್ನು ಭರಣಿಗೆ ಸೇರಿಸಿ, ಹೂವನ್ನು ಬರಲಾಗದವರ ಮುಡಿಗೆ ಕೊಡಿ. ಆ ನಿಂಬೆ ಕೆಡದೆ ನಿಧಾನವಾಗಿ ಒಣಗಿ, ಗಟ್ಟಿಯಾಗಿ, ಕೈಗೆತ್ತಿಕೊಂಡರೆ ಕಡ್ಲೆಕಾಯಿಯಷ್ಟು ಹಗುರವಾಗುತ್ತದೆ. ನಮ್ಮ ಮನೆಯಲ್ಲಿ ಹೋದ ವರ್ಷದ್ದನ್ನು ಈ ವರ್ಷದ ಹಣ್ಣು ಬರುವ ತನಕ ಇಟ್ಟುಕೊಂಡಿದ್ದು, ಹೊಸದು ಬಂದ ಬೆಳಿಗ್ಗೆ ಹಳೆಯದನ್ನು ಅಮ್ಮ ತಾವೇ ಕೈಯಾರೆ ಕರಿಬೇವಿನ ಗಿಡದ ಬುಡದಲ್ಲಿ ಹೂಳುತ್ತಾರೆ.